ಮೂಸಣ್ಣನ ಮೂಗು, ಸೊಸೆಯ ಸ್ಕ್ಯಾನರು

ಮೂಸಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಈಗ ಅವನ ಹೆಂಡತಿಗೂ ತಟ್ಟನೆ ನೆನಪಾಗುವುದಿಲ್ಲ. ಕಾರು ರಿಪೇರಿ ಮಾಡುವವರೆಲ್ಲ ಮೊದಲು ಬಾನೆಟ್ ಎತ್ತಿದರೆ, ಇವನು ಮೊದಲು ಹಿಂದಕ್ಕೆ ಹೋಗುತ್ತಿದ್ದ. ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ, ತೊಟ್ಟಿಯಿಂದ ನೀರು ಮೊಗೆದ ಹಾಗೆ ಹೊಗೆಯನ್ನು ಮೊಗೆದು ಮೂಗಿಗೆ ತಂದುಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತೀರ್ಪು ಕೊಡುತ್ತಿದ್ದ. "ಒಂದು ಪ್ಲಗ್ ಉರೀತಿಲ್ಲ." "ಇದು ಆಯಿಲ್ ಕುಡೀತಿದೆ." "ಸಿಹಿ ವಾಸನೆ ಇದೆ ಸ್ವಾಮಿ, ರೇಡಿಯೇಟರ್ ನೀರು ಒಳಗೆ ಇಳೀತಿದೆ." ಹೀಗೆ ಮೂಸಿ ಮೂಸಿಯೇ ಅವನು ಮೂಸಣ್ಣನಾದ.

ಗ್ಯಾರೇಜು ಎಂದರೆ ಎರಡು ಕಾರು ಪಕ್ಕಪಕ್ಕ ನಿಂತರೆ ನಡುವೆ ದಪ್ಪ ಮನುಷ್ಯ ನುಸುಳಲಾಗದಷ್ಟು ಜಾಗ. ಒಂದು ಕಾರು ನಿಲ್ಲುವ ಕಡೆ, ಅದರ ಅಡಿಗೆ ಇಳಿದು ಕೆಲಸ ಮಾಡುವ ಒಂದು ಗುಂಡಿ. ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ನೇತಾಡುತ್ತಿದ್ದವು, ದೊಡ್ಡದರಿಂದ ಚಿಕ್ಕದಕ್ಕೆ, ಶಾಲೆಯ ಮಕ್ಕಳು ಸಾಲು ನಿಂತ ಹಾಗೆ. ಆ ಸಾಲು ಮೂಸಣ್ಣನದಲ್ಲ, ಸೊಸೆಯದು. ಸೊಸೆ ಬರುವ ಮೊದಲು ಎಲ್ಲ ಸ್ಪ್ಯಾನರುಗಳೂ ಒಂದು ಒಡಕು ಬಕೆಟ್ಟಿನಲ್ಲಿ ಸಂಸಾರ ಮಾಡುತ್ತಿದ್ದವು.

ಈ ಸೊಸೆ ಮದುವೆಗೆ ಮುಂಚೆ ಬಿಡಿಭಾಗಗಳ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದವಳು. ಮೂಸಣ್ಣನ ಮಗ ಬಸ್ಸು ಓಡಿಸುತ್ತ ವಾರಗಟ್ಟಲೆ ಊರೂರು ಸುತ್ತುವವನು. ಅವನಿಗೆ ಅಪ್ಪನ ಗ್ಯಾರೇಜಿನ ಗ್ರೀಸು ಬೇಡವಾಗಿತ್ತು, ಸೊಸೆಗೆ ಬೇಕಾಗಿತ್ತು. ಮನೆಗೆ ಬಂದ ಹೊಸದರಲ್ಲೇ ಮಾವನ ಹಿಂದೆ ಹೊರಟಳು. ಅತ್ತೆ ಬಾಗಿಲಲ್ಲಿ ನಿಂತು, "ಒಬ್ಬರ ಬಟ್ಟೆ ಒಗೆದೇ ನನ್ನ ಸೊಂಟ ಬಿದ್ದೋಯ್ತು, ಈಗ ಇನ್ನೊಬ್ಬಳು!" ಎಂದು ಗೊಣಗಿದ್ದಷ್ಟೇ, ತಡೆಯಲಿಲ್ಲ.

ಸೊಸೆ ಗ್ಯಾರೇಜಿಗೆ ಎರಡು ತಂದಳು. ಒಂದು, ಕಾನೂನು. "ಮಾವ, ಹೊಗೆ ಮೂಸೋದು ನಿಲ್ಸಿ. ಅದು ವಿಷ. ನಿಮಗೇನಾದ್ರೂ ಆದ್ರೆ ಅತ್ತೆ ನನ್ನ ಕುತ್ತಿಗೆ ಹಿಡೀತಾರೆ."

"ಆಯ್ತು ತಾಯಿ, ಮೂಸಲ್ಲ" ಎಂದು ಮೂಸಣ್ಣ ಮಾತು ಕೊಟ್ಟ. ಅವಳು ಮನೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ, ಬೆಳಿಗ್ಗೆಯೇ ಬಂದು, ಗುಂಡಿಗಿಳಿದು ಮೂಸಿ ಮುಗಿಸುತ್ತಿದ್ದ. ಅದರಲ್ಲೂ ಒಂದು ಗುಟ್ಟಿತ್ತು. ಈಗಿನ ಕಾರುಗಳಲ್ಲಿ ಹೊಗೆಯನ್ನು ತೊಳೆದು ಬಿಡುವ ಒಂದು ಡಬ್ಬಿ ಕೊಳವೆಯ ನಡುವೆ ಕೂತಿರುತ್ತದೆ. ಹಿಂದಿನಿಂದ ಮೂಸಿದರೆ ಸ್ನಾನ ಮಾಡಿಸಿದ ಮಗುವಿನ ಹಾಗೆ ಏನೂ ವಾಸನೆ ಇರುವುದಿಲ್ಲ. ಅದಕ್ಕೇ ಮೂಸಣ್ಣ, ಎಂಜಿನ್ನಿಗೂ ಕೊಳವೆಗೂ ಇರುವ ಮುಂದಿನ ಕೂಡುಜಾಗದ ಬೋಲ್ಟುಗಳನ್ನು ಸಡಿಲಿಸಿ, ಹೊಗೆ ತೊಳೆಯುವ ಮೊದಲೇ ಅಲ್ಲಿ ಮೂಸಿ, ಮತ್ತೆ ಬಿಗಿದುಬಿಡುತ್ತಿದ್ದ. ಯಾರಿಗೂ ಹೇಳಿಕೊಡದ ವಿದ್ಯೆ ಅದು.

ಸೊಸೆ ತಂದ ಎರಡನೆಯದು ಒಂದು ಸ್ಕ್ಯಾನರು. ಯಾರೋ ಬಳಸಿ ಬಿಟ್ಟದ್ದು, ಒಂದು ಮೂಲೆ ಒಡೆದಿತ್ತು. ಸ್ಟಿಯರಿಂಗಿನ ಕೆಳಗೆ ಅದರ ತಂತಿ ಚುಚ್ಚಿದರೆ ಪರದೆಯ ಮೇಲೆ ಎಂಜಿನ್ನಿನ ಒಳಗುಟ್ಟೆಲ್ಲ ಅಂಕಿಯಾಗಿ ಬರುತ್ತಿತ್ತು. ಮೊದಲ ದಿನ ಅವಳು ಮಾವನನ್ನು ಕೂರಿಸಿಕೊಂಡು ಪಾಠ ಮಾಡಿದಳು.

"ನೋಡಿ ಮಾವ, ಇದು ಆಕ್ಸಿಜನ್ ಸೆನ್ಸರ್. ಕೊಳವೆ ಒಳಗೆ ತಲೆ ಇಟ್ಕೊಂಡು ಕೂತಿರುತ್ತೆ. ಉರಿದು ಬಂದ ಹೊಗೇಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡುತ್ತೆ."

"ಅಂದ್ರೆ ಅದೂ ಮೂಸುತ್ತೆ."

"ಹ್ಞೂಂ, ಮೂಸುತ್ತೆ ಅನ್ನಿ. ಆಮ್ಲಜನಕ ಜಾಸ್ತಿ ಉಳಿದಿದ್ರೆ ಪೆಟ್ರೋಲ್ ಸಾಲಲಿಲ್ಲ ಅಂತ ಅರ್ಥ. ಅಂಕಿ ಕೆಳಗೆ, ಸೊನ್ನೆ ಪಾಯಿಂಟ್ ಒಂದು. ಏನೂ ಉಳೀಲಿಲ್ಲ ಅಂದ್ರೆ ಪೆಟ್ರೋಲ್ ಜಾಸ್ತಿ ಆಯ್ತು ಅಂತ. ಅಂಕಿ ಮೇಲೆ, ಸೊನ್ನೆ ಪಾಯಿಂಟ್ ಒಂಬತ್ತು."

"ಅಲ್ಲಮ್ಮಾ, ಅದು ನೋಡೋದು ಗಾಳೀನ. ಗಾಳಿ ಜಾಸ್ತಿ ಇದ್ರೆ ಅಂಕಿ ಯಾಕೆ ಕಮ್ಮಿ?"

"ಅದು ಹಂಗೇ ಮಾವ."

ಮೂಸಣ್ಣ ಪರದೆ ನೋಡಿದ. ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಎರಡು, ಎಂಟು, ಒಂದು, ಏಳು. ಕಾದ ಕಾವಲಿಯ ಮೇಲೆ ನೀರಿನ ಹನಿ ಹಾರಿದಂತೆ. "ಪಾಪ, ಇದಕ್ಕೆ ಹುಷಾರಿಲ್ಲ" ಎಂದ.

"ಇಲ್ಲ ಮಾವ, ಹೀಗೆ ಕುಣೀತಾ ಇದ್ರೇ ಆರೋಗ್ಯ. ಪೆಟ್ರೋಲ್ ಸಾಲದು ಅಂತ ಇದು ಹೇಳುತ್ತೆ, ಕಂಪ್ಯೂಟರ್ ಜಾಸ್ತಿ ಕೊಡುತ್ತೆ. ಜಾಸ್ತಿ ಆಯ್ತು ಅಂತ ಹೇಳುತ್ತೆ, ಕಮ್ಮಿ ಮಾಡುತ್ತೆ. ಹಾಗೆ ಜಗ್ಗಾಡ್ತಾನೇ ಇರ್ಬೇಕು. ಒಂದೇ ಕಡೆ ನಿಂತ್ರೆ ಕಾಯಿಲೆ."

"ಹಾಗಾದ್ರೆ ಇದು? ಇದು ನಿಂತೇಬಿಟ್ಟಿದೆಯಲ್ಲ!" ಕೆಳಗಿನ ಇನ್ನೊಂದು ಅಂಕಿಗೆ ಬೆರಳಿಟ್ಟ.

"ಅದು ಹಿಂದಿನ ಸೆನ್ಸರ್. ಆ ಡಬ್ಬಿ ಆದ್ಮೇಲೆ ಇರೋದು. ಅದು ನಿಲ್ಲಬೇಕು. ಕುಣಿದ್ರೆ ಡಬ್ಬಿ ಹಾಳಾಗಿದೆ ಅಂತ."

ಮೂಸಣ್ಣ ತಲೆ ಕೆರೆದುಕೊಂಡ. "ಮುಂದಿನದು ಕುಣೀಬೇಕು, ಹಿಂದಿನದು ನಿಲ್ಲಬೇಕು. ನನಗೂ ನಿಮ್ಮತ್ತೆಗೂ ಮನೇಲಿ ಇರೋ ಕಾನೂನಿನ ಹಾಗೇ ಇದೆ. ನಂಗೆ ಅದೂ ಇವತ್ತಿನವರೆಗೆ ಅರ್ಥ ಆಗಿಲ್ಲ."

ಹೀಗೆ ಮಾವ ಕದ್ದು ಮೂಸುತ್ತ, ಸೊಸೆ ಅಂಕಿ ನೋಡುತ್ತ ಕೆಲಸ ಸಾಗಿತ್ತು. ಇಬ್ಬರ ತೀರ್ಪೂ ಒಂದೇ ಬರುತ್ತಿದ್ದುದರಿಂದ ತಕರಾರೇ ಇರಲಿಲ್ಲ. ನರ್ಸಮ್ಮನ ಕಾರು ಬರುವವರೆಗೆ.

ನರ್ಸಮ್ಮ ಎಂದರೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ಗಟ್ಟಿ ಹೆಂಗಸು. ಅವಳ ಬಿಳಿ ಕಾರು ನಿಂತಲ್ಲೇ ನಡುಗುತ್ತಿತ್ತು. ಮೂಸಣ್ಣ ಬೆಳಿಗ್ಗೆಯೇ ಗುಂಡಿಗಿಳಿದು, ಮುಂದಿನ ಕೂಡುಜಾಗ ಸಡಿಲಿಸಿ ಮೂಸಿದ. ಒಂದು ಪ್ಲಗ್ ಉರಿಯುತ್ತಿಲ್ಲ. ಬದಲಾಯಿಸಿದ, ಕಾರು ಬೆಣ್ಣೆಯ ಹಾಗೆ ನಡೆಯಿತು. ಸ್ವಲ್ಪ ದಿನಕ್ಕೇ ನರ್ಸಮ್ಮ ಮತ್ತೆ ಬಂದು ನಿಂತಳು.

"ಮೂಸಣ್ಣಾ, ನಡುಕ ಹೋಯ್ತು, ಹೊಟ್ಟೆಬಾಕತನ ಬಂತು. ಪೆಟ್ರೋಲ್ ನೀರು ಕುಡಿದ ಹಾಗೆ ಕುಡೀತಿದೆ. ಎದುರಿಗೆ ಹಳದಿ ದೀಪ ಬೇರೆ ಹತ್ಕೊಂಡು ಕೂತಿದೆ."

ಸೊಸೆ ತಂತಿ ಚುಚ್ಚಿದಳು. ಮುಂದಿನ ಸೆನ್ಸರಿನ ಅಂಕಿ ಸೊನ್ನೆ ಪಾಯಿಂಟ್ ಒಂದಕ್ಕೆ ಇಳಿದು ಅಲ್ಲೇ ಮಲಗಿತ್ತು.

"ಪೆಟ್ರೋಲ್ ಸಾಲ್ತಿಲ್ಲ ಅಂತಿದೆ ಮಾವ."

ಮೂಸಣ್ಣ ತಡೆಯಲಾರದೆ, ಬಿದ್ದ ಸ್ಪ್ಯಾನರ್ ಎತ್ತಿಕೊಳ್ಳುವ ನೆಪದಲ್ಲಿ ಸೈಲೆನ್ಸರಿನ ಹತ್ತಿರ ಬಗ್ಗಿದ. ಪೆಟ್ರೋಲಿನ ಗಾಢ ಘಾಟು ಮೂಗಿಗೆ ಬಡಿಯಿತು. ಆ ಡಬ್ಬಿಗೂ ತೊಳೆಯಲಾಗದಷ್ಟು. "ಸಾಲ್ತಿಲ್ಲ ಅಂದ್ರೆ? ತುಂಬಿ ಚೆಲ್ತಾ ಇದೆಯಲ್ಲೇ!"

"ನಿಮಗೆ ಹೇಗೆ ಗೊತ್ತು? ಮೂಸಿದ್ರಾ?"

"ಇಲ್ಲಪ್ಪಾ... ಅಂದಾಜು."

"ಅಂಕಿ ಎದುರಿಗೇ ಇದೆ ಮಾವ. ಆಮ್ಲಜನಕ ಬೇಕಾದಷ್ಟು ಉಳಿದಿದೆ."

ಮೂಸಣ್ಣ ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ. ಆದರೆ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದುಕೊಂಡು ಕೂತಿತ್ತು. ಸ್ವಲ್ಪ ದಿನದ ಹಿಂದೆ ಅವನಿಗೆ ಕೆಟ್ಟ ಜ್ವರ ಬಂದಿತ್ತು. ಎದ್ದು ಓಡಾಡುವಂತಾದ ಮೇಲೆ, ಹೆಂಡತಿ ಹೊರಗೆ ಬಟ್ಟೆ ಒಣಗಿಸುತ್ತಿದ್ದಾಗ ಅಡುಗೆಮನೆಯಲ್ಲಿ ಹಾಲು ಹೊತ್ತಿ ಪಾತ್ರೆ ಕರಕಲಾಯಿತು. ಪಕ್ಕದ ಕೋಣೆಯಲ್ಲೇ ಕುರ್ಚಿಯಲ್ಲಿ ಕೂತಿದ್ದ ಮೂಸಣ್ಣನಿಗೆ ಗೊತ್ತೇ ಆಗಲಿಲ್ಲ. "ಊರಿನ ಕಾರೆಲ್ಲ ಮೂಸ್ತೀರ, ಮನೆ ಹಾಲು ಮೂಗಿಗೆ ಹತ್ತಲ್ವಾ?" ಎಂದು ಹೆಂಡತಿ ರೇಗಿದ್ದಳು. ಅವಳು ಅದನ್ನು ಅಂದೇ ಮರೆತಳು. ಇವನಿಗೆ ಮರೆಯಲಾಗಲಿಲ್ಲ.

"ನರ್ಸಮ್ಮಾ, ಜ್ವರ ಬಂದ್ರೆ ಮೂಗು ಹೋಗುತ್ತಾ?" ಎಂದು ಮೆಲ್ಲಗೆ ಕೇಳಿದ.

"ಕೆಲವರಿಗೆ ವಾಸನೆ ಹೋಗುತ್ತೆ ಮೂಸಣ್ಣ. ಕೆಲವರಿಗೆ ಇಲ್ಲದ ವಾಸನೆ ಬರುತ್ತೆ. ಯಾಕೆ?"

"ಸುಮ್ನೆ."

ಇಲ್ಲದ ವಾಸನೆ ಬರುತ್ತದೆ! ಆ ಮಾತು ಮೂಸಣ್ಣನ ಜೊತೆಗೇ ಮನೆಗೆ ಬಂತು. ಅಂದಿನಿಂದ ಮನೆಯಲ್ಲಿ ಅವನ ನಡವಳಿಕೆ ನೋಡುವಂತಿರಲಿಲ್ಲ. ಸೋಪು ಮೂಸಿದ, ಚಪ್ಪಲಿ ಮೂಸಿದ, ದಿಂಬು ಮೂಸಿದ. ಸೋಪು ಸೋಪಿನ ಹಾಗೇ ಇತ್ತು. ಆದರೆ ಸೋಪು ಎಂದು ಕಣ್ಣಿಗೆ ಕಂಡದ್ದರಿಂದ ಹಾಗೆನಿಸಿತೋ, ನಿಜವಾಗಿ ವಾಸನೆ ಬಂತೋ? ಕಣ್ಣು ಮುಚ್ಚಿ ಬೀರುವಿನೊಳಗೆ ತಲೆ ಹಾಕಿದ್ದಾಗ ಹೆಂಡತಿ ಬಂದಳು.

"ಏನ್ರೀ, ಇಲಿ ಸತ್ತಿದೆಯಾ?"

"ವಾಸನೆ ಬರ್ತಿದೆಯಾ?"

"ನಂಗೇನೂ ಇಲ್ಲ. ನೀವು ಮೂಸ್ತಿದ್ದೀರಲ್ಲ, ಅದಕ್ಕೆ ಕೇಳ್ದೆ."

"ನಂಗೂ ಏನೂ ಇಲ್ಲ" ಎಂದು ಮೂಸಣ್ಣ ಮಂಚದ ಮೇಲೆ ಕೂತ. "ಏನೂ ಇಲ್ಲ ಅನ್ನೋದು ನಿಜವಾಗ್ಲೂ ಏನೂ ಇಲ್ವೋ, ನನಗೆ ಗೊತ್ತಾಗ್ತಿಲ್ವೋ, ಅದೇ ತಿಳೀತಿಲ್ಲ ಕಣೇ." ಆಮೇಲೆ ಮನಸ್ಸಿನಲ್ಲಿದ್ದುದನ್ನು ಹೇಳಿಯೇ ಬಿಟ್ಟ. "ನರ್ಸಮ್ಮನ ಕಾರಲ್ಲಿ ಮೂಗು ತಪ್ಪಿದ್ದು ಖಾತ್ರಿಯಾದ್ರೆ, ಗ್ಯಾರೇಜಿನ ಬೀಗದಕೈ ಸೊಸೆಗೆ ಕೊಟ್ಟು ಮನೇಲಿ ಕೂರ್ತೀನಿ. ಮೂಗು ಹೋದ್ಮೇಲೆ ಮೂಸಣ್ಣ ಯಾಕೆ?"

"ಮನೇಲಿ ಕೂತು ನನ್ನ ಬೀರು ಮೂಸ್ತೀರಾ? ಬೇಡವೇ ಬೇಡ" ಎಂದಳು ಹೆಂಡತಿ. ಆದರೆ ನಗುತ್ತ ಹೇಳಲಿಲ್ಲ.

ಗ್ಯಾರೇಜಿನಲ್ಲಿ ಸೊಸೆ ಕೈಕಟ್ಟಿ ಕೂತಿರಲಿಲ್ಲ. ಮಾವ ಅಷ್ಟು ಖಡಾಖಂಡಿತ ಹೇಳಿದ ಮೇಲೆ ಸೆನ್ಸರೇ ಸುಳ್ಳು ಹೇಳುತ್ತಿರಬಹುದು ಎಂದು ಹೊಸದು ತಂದು ಹಾಕಿದಳು. ಹೊಸದು ಅದೇ ಹಾಡು ಹಾಡಿತು. ಸೊನ್ನೆ ಪಾಯಿಂಟ್ ಒಂದು. ಮಾರನೆಯ ಬೆಳಿಗ್ಗೆ ಅವಳು ಬರುವ ಮೊದಲು ಮೂಸಣ್ಣ ಗುಂಡಿಗಿಳಿದು, ಬೋಲ್ಟು ಸಡಿಲಿಸಿ, ಮತ್ತೆ ಮೂಸಿದ. ಪೆಟ್ರೋಲು, ಪೆಟ್ರೋಲು, ಪೆಟ್ರೋಲು. ಬಿಗಿದ. ಸೊಸೆ ಬಂದಳು, ಅಂಕಿ ಇನ್ನೂ ಕೆಳಗೆ. ಅದರ ಮಾರನೆಯ ದಿನವೂ ಇದೇ.

ಆಮೇಲೆ ಸೊಸೆ ಇನ್ನೊಂದು ಮಾಡಿದಳು. ಆಕ್ಸಲರೇಟರ್ ಜೋರಾಗಿ ಒತ್ತಿದಳು. ಅಂಕಿ ದಡಕ್ಕನೆ ಎದ್ದು ಕುಣಿಯತೊಡಗಿತು. ಕಾಲು ತೆಗೆದಳು, ಮತ್ತೆ ಮಲಗಿತು.

"ಇದೇನು ಮಾವ, ಜೋರು ಮಾಡಿದ್ರೆ ಸರಿ, ಸುಮ್ಮನೆ ನಿಂತ್ರೆ ಕಾಯಿಲೆ? ನಂಗೂ ತಲೆ ಕೆಟ್ಟೋಗ್ತಿದೆ."

ಅವಳಿಗೂ ತಿಳಿಯಲಿಲ್ಲ ಎನ್ನುವುದು ಮೂಸಣ್ಣನಿಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಎರಡು ಸೆನ್ಸರು ಒಂದೇ ಮಾತು ಹೇಳಿದವು. ಹಳೆಯದಕ್ಕೆ ವಯಸ್ಸಾಗಿತ್ತು ಅನ್ನಬಹುದು, ಹೊಸದಕ್ಕೂ ವಯಸ್ಸಾಗಿದೆಯೇ? ಅನುಮಾನಕ್ಕೆ ಉಳಿದದ್ದು ಮೂಗೊಂದೇ. ಬೀಗದಕೈಯನ್ನು ಜೇಬಿನಿಂದ ತೆಗೆದು ಅವಳ ಟೂಲ್ ಬಾಕ್ಸಿನ ಮೇಲಿಟ್ಟ.

"ನಾಳೆಯಿಂದ ನೀನೇ ತೆಗಿ, ನೀನೇ ಮುಚ್ಚು ತಾಯಿ."

"ಯಾಕೆ, ಎಲ್ಲಿಗೆ ಹೋಗ್ತೀರ?"

"ಎಲ್ಲಿಗೂ ಇಲ್ಲ. ಕೊನೇ ಸಲ ಒಂದು ನೋಡ್ತೀನಿ, ಇರು."

ಇನ್ನು ಮುಚ್ಚಿಡಲು ಏನಿದೆ ಎಂದು, ಅವಳ ಕಣ್ಣೆದುರೇ ಗುಂಡಿಗಿಳಿದ. ಬೋಲ್ಟು ಸಡಿಲಿಸಿದ. ಸೊಸೆ ಮೇಲಿನಿಂದ ಬಗ್ಗಿ ನೋಡಿದಳು.

"ಮಾವ! ಅದೇನು ಬಿಚ್ತಿದ್ದೀರಾ?"

"ಮೂಸೋಕೆ."

"ಎಷ್ಟು ದಿನದಿಂದ?"

"ಈ ಡಬ್ಬಿ ಹಾಕಿದ ಕಾರು ಬಂದಾಗಿನಿಂದ" ಎಂದ ಮೂಸಣ್ಣ. ಗುಂಡಿಯೊಳಗಿಂದ ಅವನ ಮುಖ ತಪ್ಪು ಮಾಡಿ ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಕಾಣುತ್ತಿತ್ತು.

ಸೊಸೆ ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಗುಂಡಿಯ ಅಂಚಿನಲ್ಲಿ ಕೂತು ಆ ಕೂಡುಜಾಗವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು, "ಗ್ಯಾಸ್ಕೆಟ್ಟು?"

"ಯಾವ ಗ್ಯಾಸ್ಕೆಟ್ಟು?"

"ಆ ಎರಡರ ನಡುವೆ ಇರುತ್ತಲ್ಲ ಮಾವ, ಬಳೆ ಥರದ್ದು. ಅದು ಒಂದು ಸಲ ಒತ್ತಿ ಚಪ್ಪಟೆ ಆದ್ರೆ ಆಯ್ತು. ಬಿಚ್ಚಿದ್ರೆ ಹೊಸದು ಹಾಕ್ಬೇಕು. ಕೌಂಟರಲ್ಲಿ ಅದನ್ನ ಮಾರಿ ಮಾರಿ ನನ್ನ ಕೈ ಸೋತಿತ್ತು. ನೀವು ಹಳೇದನ್ನೇ ಬಿಗೀತಿದ್ರಾ?"

"ಬಿಗಿಯಾಗೇ ಬಿಗೀತಿದ್ದೆ! ಇಷ್ಟು ದಿನ ಯಾವ ಕಾರಿಗೂ ಏನೂ ಆಗಿರ್ಲಿಲ್ಲ."

ಸೊಸೆ ಬಟ್ಟಲಿನಲ್ಲಿ ಸೋಪಿನ ನೀರು ಕಲಸಿ ತಂದಳು. ಬೋಲ್ಟು ಬಿಗಿ ಮಾಡಿಸಿ, ಎಂಜಿನ್ ತಣ್ಣಗಾಗುವವರೆಗೆ ಕಾದು, ಆ ಕೂಡುಜಾಗದ ಸುತ್ತ ಸೋಪು ಸವರಿದಳು. ಎಂಜಿನ್ ಚಾಲೂ ಮಾಡಿ, ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದಳು. ಮೂಸಣ್ಣ ನೋಡುತ್ತಿದ್ದಂತೆ ಕೂಡುಜಾಗದ ಒಂದು ಮಗ್ಗುಲಲ್ಲಿ ಬುಳಬುಳನೆ ಗುಳ್ಳೆ ಎದ್ದಿತು. ಮಕ್ಕಳು ಆಟಕ್ಕೆ ಊದಿದ ಹಾಗೆ.

"ಅಲ್ಲಿ ಸಂದು ಬಿಟ್ಟಿದೆ" ಎಂದಳು ಸೊಸೆ. "ಹೊಗೆ ಹೊರಗೂ ಬರುತ್ತೆ, ಎಂಜಿನ್ ನಿಧಾನಕ್ಕೆ ಓಡುವಾಗ ಹೊರಗಿನ ಗಾಳಿ ಒಳಗೂ ಹೋಗುತ್ತೆ. ಸೆನ್ಸರ್ ಪಕ್ಕದಲ್ಲೇ ಕೂತಿದೆ. ಅದಕ್ಕೆ ಗಾಳಿ ಸಿಕ್ತು, ಪೆಟ್ರೋಲ್ ಸಾಲದು ಅಂತು. ಕಂಪ್ಯೂಟರ್ ನಂಬಿಕೊಂಡು ಇನ್ನಷ್ಟು ಪೆಟ್ರೋಲ್ ಸುರೀತು."

"ಆಗ ನಂಗೆ ಪೆಟ್ರೋಲ್ ವಾಸನೆ ಬಂತು."

"ಬಂತು."

"ಅಂದ್ರೆ ನನ್ನ ಮೂಗು ಸರಿ?"

"ಸರಿ."

"ನಿನ್ನ ಸೆನ್ಸರು?"

"ಅದೂ ಸರಿ. ಅದಕ್ಕೆ ಸಿಕ್ಕ ಗಾಳೀನ ಅದು ಹೇಳ್ತು."

ಮೂಸಣ್ಣ ಗುಂಡಿಯ ಮೆಟ್ಟಿಲ ಮೇಲೆ ಕೂತ. ಮೂಗೂ ಸರಿ, ಸೆನ್ಸರೂ ಸರಿ, ಕಾರು ಮಾತ್ರ ಸರಿಯಿಲ್ಲ. ತಪ್ಪು ಎಲ್ಲಿ ಎಂದು ಹುಡುಕುತ್ತ ಅವನ ಕಣ್ಣು ಕೈಯಲ್ಲಿದ್ದ ಸ್ಪ್ಯಾನರಿನ ಮೇಲೆ ಬಂದು ನಿಂತಿತು. ಮೊದಲ ದಿನ ಬಿಚ್ಚಿದ್ದು ತಾನು. ಅನುಮಾನ ಬಂದು ಮತ್ತೆ ಬಿಚ್ಚಿದ್ದೂ ತಾನು. ಮೂಗನ್ನು ಪರೀಕ್ಷೆ ಮಾಡಲೆಂದು ಬಿಚ್ಚಿದಷ್ಟೂ ಸಂದು ಅಗಲವಾಗಿ, ಸಂದು ಅಗಲವಾದಷ್ಟೂ ಮೂಗಿನ ಮೇಲೆ ಅನುಮಾನ ಬೆಳೆದು... ಅವನಿಗೆ ತಲೆ ಸುತ್ತಿದಂತಾಯಿತು.

"ನಾನು ಮೂಸದೇ ಇದ್ದಿದ್ರೆ ಈ ವಾಸನೇನೇ ಇರ್ತಿರ್ಲಿಲ್ಲ ಅನ್ನು."

"ಹ್ಞೂಂ ಮಾವ."

"ಹಾಗಾದ್ರೆ ನಾನು ಮೂಸಿದ್ದೇನನ್ನ? ನಾನು ಮೂಸಿದ್ದನ್ನೇ ಮೂಸಿದೆನಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ಹೊಸ ಗ್ಯಾಸ್ಕೆಟ್ ಕೂತಿತು. ಎಂಜಿನ್ ಬಿಸಿಯಾಗುವುದನ್ನು ಇಬ್ಬರೂ ಪರದೆಯ ಎದುರು ಕಾಯುತ್ತ ಕೂತರು. ಅಂಕಿ ಮಿಸುಕಿತು, ಎದ್ದಿತು, ಬಿದ್ದಿತು, ಎರಡು, ಎಂಟು, ಒಂದು, ಏಳು. ಯಾವ ಮಾತಿಗೂ ನಿಲ್ಲದ ಆ ಅಂಕಿಯನ್ನು ಮೂಸಣ್ಣ ಮೊದಲ ಬಾರಿಗೆ ಪ್ರೀತಿಯಿಂದ ನೋಡಿದ.

ಕಾರು ಒಯ್ಯಲು ಬಂದ ನರ್ಸಮ್ಮ, "ಏನಾಗಿತ್ತು?" ಎಂದಳು. ಸೊಸೆ ಮಾವನ ಮುಖ ನೋಡಿದಳು, ಮಾವ ಸ್ಪ್ಯಾನರ್ ನೋಡಿದ.

"ನನ್ನ ಕೈಯಿಂದ ಆಗಿದ್ದು ನರ್ಸಮ್ಮ" ಎಂದ. "ಮೂಸೋಕೆ ಬಿಚ್ಚಿದೆ, ಸರಿಯಾಗಿ ಮುಚ್ಚಲಿಲ್ಲ."

"ಅಯ್ಯೋ, ಗಾಯ ಒಣಗಿದೆಯಾ ಅಂತ ದಿನಾ ಪಟ್ಟಿ ಬಿಚ್ಚಿ ನೋಡ್ಕೊಳ್ಳೋರು ನಂಗೆ ಎಷ್ಟು ಜನ ಇದ್ದಾರೆ! ನೀವೂ ಒಬ್ರು ಸೇರ್ಕೊಳ್ಳಿ" ಎಂದು ನರ್ಸಮ್ಮ ಕಾರಿನ ಬಾಗಿಲು ಹಾಕಿಕೊಂಡಳು.

ಇಷ್ಟಾದರೂ ಮೂಸಣ್ಣನಿಗೆ ಪೂರ್ತಿ ನೆಮ್ಮದಿಯಿಲ್ಲ. ಕಾರಿನ ಲೆಕ್ಕ ಸರಿಯಾಯಿತು. ಹಾಲಿನ ಲೆಕ್ಕ? ಪಕ್ಕದಲ್ಲೇ ಪಾತ್ರೆ ಕರಕಲಾದಾಗ ಈ ಮೂಗು ಎಲ್ಲಿ ಹೋಗಿತ್ತು? ಅದೇ ಯೋಚನೆಯಲ್ಲಿ ಸಂಜೆ ಮನೆ ಹೊಸ್ತಿಲು ದಾಟಿದವನು ತಟ್ಟನೆ ನಿಂತ.

"ಏ, ಹಾಲು ತಳ ಹಿಡೀತಿದೆ ನೋಡೇ!"

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಒಲೆ ಹಚ್ಚೇ ಇಲ್ಲ. ಯಾವ ಹಾಲು?"

ಇಲ್ಲದ ವಾಸನೆ! ಮತ್ತೆ ಮೂಸಿದ. ತಳ ಹಿಡಿದ ಹಾಲು, ಸಂದೇಹವೇ ಇಲ್ಲ. ಆದರೆ ಸಂದೇಹವೇ ಇಲ್ಲ ಎನ್ನುವುದೇ ಈಗ ಸಂದೇಹ. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಪಾತ್ರೆ ಧಡಾರನೆ ಸಿಂಕಿಗೆ ಬಿದ್ದ ಸದ್ದಾಯಿತು. ಮೇಲಿನ ಮನೆಯಾಕೆ ಗಂಡನಿಗೆ ಬೈಯುತ್ತಿದ್ದುದು ಮೆಟ್ಟಿಲಿಳಿದು ಬಂತು. "ಪೇಪರ್ ಓದ್ತಾ ಅಲ್ಲೇ ಕೂತಿದ್ರಲ್ಲ, ಇಡೀ ಹಾಲು ಹೊತ್ತೋಯ್ತು, ನಿಮಗೆ ಮೂಗಿಲ್ವಾ?"

ಹೆಂಡತಿ ಚಾವಣಿ ನೋಡಿದಳು, ಗಂಡನನ್ನು ನೋಡಿದಳು. "ನಾನೂ ಅವತ್ತು ಹಾಲು ಹೊತ್ತಿದಾಗ ಹೀಗೇ ಬೈದಿದ್ದೆ. ಆಗ ನಿಮಗೆ ಜ್ವರ ಬಿಟ್ಟು ಇನ್ನೂ ಎರಡು ದಿನ ಆಗಿರ್ಲಿಲ್ಲ. ಮೂಗು ಕಟ್ಟಿಕೊಂಡು ಗೊರಗೊರ ಅಂತಿತ್ತು. ಅದಕ್ಕೆ ಇಷ್ಟು ದಿನ ನನ್ನ ಬೀರು ಮೂಸಿದ್ರಾ?"

"ನೀನ್ಯಾಕೆ ಆಗಲೇ ಹೇಳಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ?"

ಮಾರನೆಯ ಬೆಳಿಗ್ಗೆ ಮೂಸಣ್ಣ ಅಭ್ಯಾಸದಂತೆ ಎಲ್ಲರಿಗಿಂತ ಮೊದಲೇ ಗ್ಯಾರೇಜಿಗೆ ಹೋದ. ಶಟರಿನ ಮುಂದೆ ನಿಂತು ಜೇಬಿಗೆ ಕೈ ಹಾಕಿದ ಮೇಲೆ ನೆನಪಾಯಿತು, ಬೀಗದಕೈ ಸೊಸೆಯ ಹತ್ತಿರ. ಮೆಟ್ಟಿಲ ಮೇಲೆ ಕೂತು ಕಾದ. ಅವಳು ಬಂದ ತಕ್ಷಣ ಕೈ ಚಾಚಿದ.

"ಕೊಡಮ್ಮಾ. ಮೂಗು ಸರಿ ಇದೆ ಅಂತ ನೀನೇ ಹೇಳಿದ್ಯಲ್ಲ."

"ಮೂಗು ಸರಿ ಇದೆ ಮಾವ, ಅದಕ್ಕೇ ಕೊಡಲ್ಲ" ಎಂದು ಅವಳೇ ಬೀಗ ತೆಗೆದಳು. "ನಾನಿಲ್ಲದಾಗ ಆ ಗುಂಡಿಗೆ ನೀವು ಇಳಿಯೋ ಹಾಗಿಲ್ಲ."

ಅಂದು ಮೊದಲು ಬಂದದ್ದು ಒಂದು ಬೂದು ಬಣ್ಣದ ಕಾರು. ಸೊಸೆ ತಂತಿ ಚುಚ್ಚಿ ಬಹಳ ಹೊತ್ತು ಪರದೆಯನ್ನೇ ದಿಟ್ಟಿಸಿದಳು. ಕೊನೆಗೆ ಕತ್ತು ತಿರುಗಿಸದೆ ಹೇಳಿದಳು, "ಮಾವ, ಹಿಂದಿನ ಸೆನ್ಸರ್ ಕುಣೀತಿದೆಯೋ ನಿಂತಿದೆಯೋ ಗೊತ್ತಾಗ್ತಿಲ್ಲ. ಒಂದೇ ಒಂದು ಸಲ ನೋಡಿ. ಹಿಂದಿನಿಂದ. ದೂರದಿಂದ."

ಮೂಸಣ್ಣ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಅಂಗೈಯಲ್ಲಿ ಹೊಗೆ ಮೊಗೆದ. ಕಣ್ಣು ಮುಚ್ಚಿದ. ಮತ್ತೊಮ್ಮೆ ಮೊಗೆದ.

"ಏನೂ ಬರ್ತಿಲ್ಲ" ಎಂದ, ಅಳುಕುತ್ತ.

"ಏನೂ ಬರಬಾರದು ಮಾವ! ಡಬ್ಬಿ ಚೆನ್ನಾಗಿದೆ ಅಂತ ಅದರರ್ಥ."

"ಅಂದ್ರೆ ಈಗ ವಾಸನೆ ಬರದೇ ಇರೋದು ಒಳ್ಳೇದಾ?"

"ಒಳ್ಳೇದು."

ಮೂಸಣ್ಣ ಕೂತಲ್ಲೇ ಆ ಮಾತನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದ. ಆಮೇಲೆ ಗೋಡೆಯ ಮೇಲೆ ಸಾಲಾಗಿ ನಿಂತ ಸ್ಪ್ಯಾನರುಗಳಲ್ಲಿ ಒಂದನ್ನು ಎತ್ತಿಕೊಂಡು, ಯಾವುದಕ್ಕೂ ಇರಲಿ ಎಂದು, ಅದನ್ನೂ ಒಂದು ಸಲ ಮೂಸಿದ. ಗ್ರೀಸು. ಅಷ್ಟು ಸಾಕಾಯಿತು ಅವನಿಗೆ. ಬಾನೆಟ್ ಎತ್ತಿದ.